ನಾವು ಫೋಟೋಗೆ ಅಂಕ ಕೊಡುವುದಿಲ್ಲ

ಯೋಗಾಸನ ಸ್ಪರ್ಧೆಯ ಫಲಿತಾಂಶ ಹಚ್ಚಿ ಹತ್ತು ನಿಮಿಷ ಆಗಿರುವುದಿಲ್ಲ, ಒಬ್ಬರಾದರೂ ಮೊಬೈಲ್ ಹಿಡಿದು ತೀರ್ಪುಗಾರರಾದ ನಮ್ಮ ಟೇಬಲ್ ಹತ್ತಿರ ಬರುತ್ತಾರೆ. ಒಮ್ಮೆ ವಿಜಯಪುರದಲ್ಲಿ ಹಾಗೆ ಬಂದವರು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು. ಮಗ ಎಂಟನೇ ಕ್ಲಾಸು.

"ನೋಡ್ರಿ ಅಕ್ಕಾರ, ಕಾಲು ಹೆಂಗ ನೆಟ್ಟಗ ಅದಾವ. ಇದಕ್ಕ ಬರೇ ಆರೂವರಿ ಏನ್ರಿ?"

ಮಯೂರಾಸನದ ಫೋಟೋ ಅದು. ಅಂಗೈ ನೆಲದ ಮೇಲೆ, ಮೊಣಕೈ ಹೊಕ್ಕುಳದ ಹತ್ತಿರ, ಮೈ ಹಲಗೆಯ ಹಾಗೆ ನೆಲಕ್ಕೆ ಸಮ. ನಿಜಕ್ಕೂ ಚೆಂದ ಇತ್ತು. ಆ ಒಂದು ಕ್ಷಣಕ್ಕೆ ಅಂಕ ಕೊಡುವುದಾದರೆ ನಾನೂ ಒಂಬತ್ತು ಬರೆಯುತ್ತಿದ್ದೆ.

ನಾನು ನೋಡಿದ್ದು ಆ ಕ್ಷಣದ ಮುಂಚೆ ಮತ್ತು ಆಮೇಲೆ ಆದದ್ದನ್ನೂ. ಹುಡುಗ ಕಾಲನ್ನು ಎತ್ತಲಿಲ್ಲ, ಜಿಗಿದು ಮೇಲೆ ಒಯ್ದ. ಮೈ ಸಮ ಆಯಿತು, ಗಡಿಯಾರ ಶುರುವಾಯಿತು. ನಾಲ್ಕೈದು ಸೆಕೆಂಡಿಗೆ ಪಾದ ಇಳಿಯತೊಡಗಿತು. ಆಮೇಲೆ ಉಸಿರು ಕಟ್ಟಿದ, ಮುಖ ಕೆಂಪಾಯಿತು, ಹಲ್ಲು ಕಚ್ಚಿದ. ಸಮಯ ಮುಗಿದ ತಕ್ಷಣ ಮೊಣಕಾಲು ದಪ್ ಅಂತ ನೆಲಕ್ಕೆ ಬಿತ್ತು. ಆರೂವರೆ ಬಂದದ್ದು ಇದೆಲ್ಲಕ್ಕೂ ಸೇರಿ.

ಎಷ್ಟು ಸಲ ಹೇಳಿದರೂ ಸಾಲದ ಮಾತು ಇದು. ಆಸನಕ್ಕೆ ಹೋಗುವುದು, ಅಲ್ಲಿ ನಿಲ್ಲುವುದು, ಅಲ್ಲಿಂದ ವಾಪಸ್ ಬರುವುದು, ಮೂರನ್ನೂ ನೋಡುತ್ತೇವೆ. ನಿಂತಾಗ ಮೈ ನಡುಗುತ್ತಿದೆಯಾ, ಉಸಿರು ಸರಾಗ ಇದೆಯಾ, ಮುಖ ಶಾಂತ ಇದೆಯಾ ಎಂದು ನೋಡುತ್ತೇವೆ. ಎಷ್ಟು ಸೆಕೆಂಡು ನಿಲ್ಲಬೇಕು, ಯಾವ ತಪ್ಪಿಗೆ ಎಷ್ಟು ಕಡಿತ ಎಂಬುದು ವಯಸ್ಸಿಗೆ, ವಿಭಾಗಕ್ಕೆ, ನಡೆಸುವವರ ನಿಯಮಕ್ಕೆ ತಕ್ಕಂತೆ ಬದಲಾಗುತ್ತದೆ. ಆಯಾ ಕೂಟದ ನಿಯಮ ಓದಿಕೊಂಡೇ ಬನ್ನಿ, ನನ್ನ ಮಾತನ್ನೇ ಕೊನೆ ಎಂದುಕೊಳ್ಳಬೇಡಿ. ಆದರೆ ಒಂದು ಕ್ಷಣ ನೋಡಿ ಅಂಕ ಹಾಕುವ ನಿಯಮವನ್ನು ನಾನಂತೂ ಎಲ್ಲೂ ಕಂಡಿಲ್ಲ.

ಫೋಟೋದ್ದು ಇನ್ನೊಂದು ತೊಂದರೆ ಇದೆ. ಹನುಮಾನಾಸನ ತೆಗೆದುಕೊಳ್ಳಿ. ನೆಲದ ಮೇಲೆ ಒಂದು ಕಾಲು ನೇರ ಮುಂದೆ, ಒಂದು ನೇರ ಹಿಂದೆ ಚಾಚಿ ಕೂರುವುದು. ಅಮ್ಮ ಪಕ್ಕದ ಗೋಡೆ ಹತ್ತಿರ ಕೂತು ಫೋಟೋ ತೆಗೆಯುತ್ತಾರೆ. ಅಲ್ಲಿಂದ ಎರಡೂ ಕಾಲು ಒಂದೇ ಗೆರೆ ಎಳೆದಂತೆ ಕಾಣುತ್ತವೆ. ಎದುರಿಗೆ ಕೂತ ನಮಗೆ ಸೊಂಟ ಒಂದು ಕಡೆ ತಿರುಗಿದ್ದು, ಹಿಂದಿನ ಮೊಣಕಾಲು ಹೊರಗೆ ಹೊರಳಿದ್ದು ಕಾಣುತ್ತದೆ. ಅಮ್ಮ ಸುಳ್ಳು ಹೇಳುತ್ತಿಲ್ಲ, ನಾವೂ ಹೇಳುತ್ತಿಲ್ಲ. ಕೂತ ಜಾಗ ಬೇರೆ, ಅಷ್ಟೇ.

"ಒಬ್ಬರು ಬೇಕಂತ ಕಡಿಮೆ ಹಾಕ್ಯಾರ್ರಿ" ಎಂಬ ದೂರಂತೂ ಇದ್ದದ್ದೇ. ಐದು ಜನ ತೀರ್ಪುಗಾರರಿದ್ದರೆ ಸಾಮಾನ್ಯವಾಗಿ ಅತಿ ಹೆಚ್ಚಿನದು, ಅತಿ ಕಡಿಮೆಯದು ಎರಡನ್ನೂ ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯುತ್ತಾರೆ. 8, 7.5, 7.5, 7, 5 ಬಂದರೆ ಎಂಟೂ ಹೋಯಿತು, ಐದೂ ಹೋಯಿತು. ಉಳಿಯುವುದು 7.33. ಆ ಐದಕ್ಕೆ ಜಗಳ ಮಾಡಿ ಏನು ಬಂತು?

2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಯೋಗಾಸನವನ್ನು ಸ್ಪರ್ಧೆಯ ಕ್ರೀಡೆ ಎಂದು ಒಪ್ಪಿಕೊಂಡಿತು. ಆಮೇಲೆ ಖೇಲೋ ಇಂಡಿಯಾ ಯೂತ್ ಗೇಮ್ಸ್‌ಗೆ ಬಂತು, 2022ರಲ್ಲಿ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟಕ್ಕೂ ಬಂತು. ನಮ್ಮ ಕಡೆ ಹಳ್ಳಿ ಶಾಲೆಯ ಮಕ್ಕಳೂ ಬರುತ್ತಿದ್ದಾರೆ. ಬೆಳಗಿನ ಬಸ್ಸಿಗೆ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದ ಮಕ್ಕಳನ್ನು ನೋಡಿದರೆ ಜೀವ ಹಿಗ್ಗುತ್ತದೆ. ಅದಕ್ಕೇ ನನಗೆ ಸಿಟ್ಟು ಬರುವುದು. ಮಗುವಿಗೆ ಹಿಡಿತ ಬರುವ ಮುಂಚೆಯೇ, ಫೋಟೋದಲ್ಲಿ ಜೋರು ಕಾಣಲಿ ಅಂತ ಕಠಿಣ ಆಸನ ಹಚ್ಚುತ್ತಾರೆ. ಮುಂಗೈ ಊರಿ ಕಾಲನ್ನು ತಲೆಯ ಕಡೆ ಬಗ್ಗಿಸುವ ವೃಶ್ಚಿಕಾಸನವನ್ನು ನಡುಗುತ್ತಾ ಮಾಡುವುದಕ್ಕಿಂತ, ಕೂತು ಮುಂದೆ ಬಾಗುವ ಪಶ್ಚಿಮೋತ್ತಾನಾಸನವನ್ನು ಕದಲದೆ ಮಾಡಿದ್ದು ಎಷ್ಟೋ ಸಲ ಜಾಸ್ತಿ ಅಂಕ ತರುತ್ತದೆ. ಒಂದು ಕೂಟದಲ್ಲಿ ಒಬ್ಬ ಕೋಚ್ ಸರದಿ ಬರುವ ಮುಂಚೆ ಹುಡುಗಿಯ ಬೆನ್ನ ಮೇಲೆ ಮೊಣಕಾಲು ಊರಿ ಬಗ್ಗಿಸುತ್ತಿದ್ದರು. ಎದ್ದು ಹೋಗಿ ಬಿಡಿಸಿದೆ. ನೋವು ಅಂತ ಮಗು ಹೇಳಿದರೆ ಅಲ್ಲಿಗೆ ನಿಲ್ಲಿಸಿ. ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ತಿಕೋಟಾದ ಆ ತಂದೆಗೆ ನಾನು ಕೇಳಿದ್ದು ಇಷ್ಟೇ: "ವಿಡಿಯೋ ಐತೇನ್ರಿ?" ಇತ್ತು. ಮಗನನ್ನೂ ಕರೆದು ಮೂವರೂ ಕೂತು ನೋಡಿದೆವು. ಎರಡನೇ ಸಲ ನೋಡುವಾಗ ಹುಡುಗನೇ ಬೆರಳಿಟ್ಟು ತೋರಿಸಿದ: "ಇಲ್ಲೆ ಇಳೀತು ನೋಡಪ್ಪ." ಮನೆಯಲ್ಲಿ ಮೊಬೈಲನ್ನು ಎದುರಿಗೆ ಇಡಿ, ಅವನು ವಾಪಸ್ ಬಂದು ಕೂರುವ ತನಕ ನಿಲ್ಲಿಸಬೇಡಿ ಎಂದೆ.

ಈಗ ಅವರು ನನಗೆ ಫೋಟೋ ಕಳಿಸುವುದಿಲ್ಲ, ವಿಡಿಯೋ ಕಳಿಸುತ್ತಾರೆ. ನಾನೇ ತೀರ್ಪುಗಾರಳಾಗಿರುವ ಕೂಟ ಹತ್ತಿರ ಇದ್ದರೆ ತೆರೆಯುವುದಿಲ್ಲ, ಅದು ಅವರಿಗೂ ಗೊತ್ತು. ಹೋದ ವಾರ ಬಂದದ್ದರ ಕೆಳಗೆ ಹೀಗೆ ಬರೆದಿದ್ದರು: "ಹನ್ನೊಂದನೇ ಸೆಕೆಂಡಿಗೆ ಇಳೀತ್ರಿ ಅಕ್ಕಾರ. ಉಸಿರು ಕಟ್ಟಿಲ್ಲ."