ಮುಂದಿನ ಆಕ್ಸಲ್‌ಗೆ ನಾಲ್ಕೇ ಕಟ್ಟು

ಕೊಡಗು, ಸಕಲೇಶಪುರದ ಕಾಫಿ ತೋಟಗಳಲ್ಲಿ ಓಡುವ ಹಳೇ ಜೀಪಿನ ಕೆಳಗೆ ಒಮ್ಮೆ ಬಗ್ಗಿ ನೋಡಿ. ಮುಂದಿನ ಆಕ್ಸಲ್, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಅಚ್ಚು, ಎರಡು ಕಮಾನ್ ಪಟ್ಟಿಗಳಿಗೆ ಕಟ್ಟಿಕೊಂಡಿರುತ್ತದೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲೂ ಅಷ್ಟೇ, ಹಿಂದೆ ಮುಂದೆ ಎರಡೂ ಕಡೆ ಇದೇ ಕಮಾನ್ ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್. ಗಾಡಿಯ ತೂಕ ಹೊರುವುದು ಈ ಪಟ್ಟಿಗಳೇ. ಆಕ್ಸಲ್ ಹಿಂದೆ ಮುಂದೆ ಜಾರದಂತೆ, ಪಕ್ಕಕ್ಕೆ ಸರಿಯದಂತೆ, ಬ್ರೇಕ್ ಒತ್ತಿದಾಗ ತಿರುಚಿಕೊಳ್ಳದಂತೆ ಹಿಡಿಯುವುದೂ ಇವೇ. ಖರ್ಚು ಕಡಿಮೆ, ಯಾವ ಊರಲ್ಲಾದರೂ ರಿಪೇರಿ ಆಗುತ್ತದೆ. ಆದರೆ ಪಟ್ಟಿ ಮೆತ್ತಗಾದರೆ ಆಕ್ಸಲ್ ತಿರುಚುತ್ತದೆ. ಗಟ್ಟಿಯಾದರೆ ಚಕ್ರ ಗುಂಡಿಗೆ ಇಳಿಯದೆ ಗಾಳಿಯಲ್ಲಿ ನಿಂತುಬಿಡುತ್ತದೆ. ಎರಡನ್ನೂ ಒಟ್ಟಿಗೆ ಸರಿ ಮಾಡೋಕೆ ದಾರಿಯಿಲ್ಲ.

ಹಾಗಾಗಿ ಬಂಡೆ ಹತ್ತುವ ಗಾಡಿ ಕಟ್ಟುವವರು ಕೆಲಸವನ್ನು ಹಂಚುತ್ತಾರೆ. ತೂಕ ಹೊರಲು ಕಾಯಿಲ್ ಸ್ಪ್ರಿಂಗ್, ಆಕ್ಸಲ್ ಹಿಡಿಯಲು ಲಿಂಕ್. ಲಿಂಕ್ ಅಂದರೆ ಎರಡೂ ತುದಿಯಲ್ಲಿ ಸಲೀಸಾಗಿ ಆಡುವ ಜಾಯಿಂಟ್ ಇರುವ ಉಕ್ಕಿನ ಕೊಳವೆ, ಅಷ್ಟೇ. 1970ರ ರೇಂಜ್ ರೋವರ್, 1984ರ ಜೀಪ್ ಚೆರೋಕಿ ಕಾರ್ಖಾನೆಯಿಂದಲೇ ಮುಂದೆ ಕಾಯಿಲ್ ಸ್ಪ್ರಿಂಗ್ ಹಾಕಿಕೊಂಡು ಬಂದವು. ಕೊಳವೆ ಕತ್ತರಿಸಿ ವೆಲ್ಡ್ ಮಾಡುವುದು ದೊಡ್ಡ ವಿಷಯವಲ್ಲ. ಎಷ್ಟು ಲಿಂಕ್ ಬೇಕು, ಎಲ್ಲಿ ಬೇಕು ಅನ್ನುವುದರಲ್ಲೇ ಎಲ್ಲಾ ಇದೆ.

ಎಣಿಸಿ ನೋಡೋಣ. ಯಾವುದಕ್ಕೂ ಕಟ್ಟದ ಆಕ್ಸಲ್ ಆರು ಬಗೆಯಲ್ಲಿ ಅಲುಗಾಡಬಲ್ಲದು. ಹಿಂದೆ-ಮುಂದೆ, ಎಡ-ಬಲ, ಮೇಲೆ-ಕೆಳಗೆ ಸರಿಯುವುದು ಮೂರು. ಈ ಮೂರು ದಿಕ್ಕಿನ ಸುತ್ತ ತಿರುಗುವುದು ಇನ್ನು ಮೂರು. ಇದರಲ್ಲಿ ನಮಗೆ ಬೇಕಾದ್ದು ಎರಡೇ: ಇಡೀ ಆಕ್ಸಲ್ ಮೇಲೆ ಕೆಳಗೆ ಆಡಬೇಕು, ಒಂದು ಚಕ್ರ ಏರಿದಾಗ ಇನ್ನೊಂದು ಇಳಿಯಬೇಕು. ಉಳಿದ ನಾಲ್ಕಕ್ಕೆ ಕಟ್ಟು ಬೇಕು. ಒಂದು ಲಿಂಕ್ ಎರಡು ಬಿಂದುಗಳ ನಡುವಿನ ದೂರವನ್ನು ಬದಲಾಗದಂತೆ ಹಿಡಿಯುತ್ತದೆ, ಅಂದರೆ ಒಂದು ಚಲನೆಯನ್ನು ಕಸಿಯುತ್ತದೆ. ಸರಿಯಾದ ಜಾಗದಲ್ಲಿ ನಾಲ್ಕು ಲಿಂಕ್ ಇದ್ದರೆ ಲೆಕ್ಕ ಚುಕ್ತಾ.

ಇಷ್ಟು ಸರಳವಾದ ಲೆಕ್ಕ ಇಷ್ಟೊಂದು ಗಾಡಿಗಳ ಗುಣವನ್ನು ಬಿಡಿಸಿ ಹೇಳುತ್ತದೆ ಅನ್ನೋದೇ ನನಗೆ ಖುಷಿ ಕೊಡುವ ಸಂಗತಿ. ಚೆರೋಕಿಯ ಮುಂದೆ ಕೆಳಗೆ ಎರಡು ಲಿಂಕ್, ಮೇಲೆ ಎರಡು, ಅಡ್ಡಕ್ಕೆ ಒಂದು ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಅದನ್ನು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಕಟ್ಟುವ ಸರಳು). ಒಟ್ಟು ಐದು, ಒಂದು ಜಾಸ್ತಿ ಆಯ್ತು ಅಲ್ವಾ? ಆದರೂ ಅದು ಆಡುತ್ತದೆ, ಯಾಕೆಂದರೆ ಜಾಯಿಂಟಿನ ರಬ್ಬರ್ ಬುಷ್‌ಗಳು ಬಗ್ಗಿ ಜಾಗ ಕೊಡುತ್ತವೆ. 2023ರಲ್ಲಿ ನಮ್ಮಲ್ಲಿ ಬಂದ ಜಿಮ್ನಿಯ ಮುಂದೆ ಎರಡು ರೇಡಿಯಸ್ ಆರ್ಮ್, ಅಂದರೆ ಚಾಸಿಯಿಂದ ಆಕ್ಸಲ್‌ಗೆ ಬರುವ ಗಟ್ಟಿ ತೋಳುಗಳು, ಇವೆ. ಪ್ರತಿಯೊಂದೂ ಆಕ್ಸಲನ್ನು ಎರಡೆರಡು ಬುಷ್‌ಗಳಿಂದ ಹಿಡಿದಿರುತ್ತದೆ. ಅಲ್ಲೂ ರಬ್ಬರ್ ಹಿಂಡಿಕೊಂಡಷ್ಟೇ ಚಕ್ರ ಆಡೋದು. ಇಂಥ ಕಡೆ ಸುಮ್ನೆ ಬುಷ್ ತೆಗೆದು ಬಗ್ಗದ ಲೋಹದ ಜಾಯಿಂಟ್ ಹಾಕಿದರೆ ಆಕ್ಸಲ್ ಸಿಕ್ಕಿಹಾಕಿಕೊಳ್ಳುತ್ತದೆ, ಬ್ರಾಕೆಟ್ ಬಿರುಕು ಬಿಡುತ್ತದೆ.

ಹೊಸದಾಗಿ ಕಟ್ಟುವವರು ಹೆಚ್ಚಾಗಿ ಕೆಳಗೆ ಎರಡು, ಮೇಲೆ ಒಂದು, ಅಡ್ಡಕ್ಕೆ ಪ್ಯಾನ್‌ಹಾರ್ಡ್ ಇಟ್ಟುಕೊಳ್ಳುತ್ತಾರೆ. ಪ್ಯಾನ್‌ಹಾರ್ಡ್ ಬಿಟ್ಟು ಮೇಲಿನ ಎರಡು ಲಿಂಕನ್ನು ತ್ರಿಕೋನದಂತೆ ಓರೆಯಾಗಿಟ್ಟರೂ ನಾಲ್ಕಾಗುತ್ತದೆ. ಆದರೆ ಮುಂದೆ ಆ ಜಾಗದಲ್ಲಿ ಇಂಜಿನ್ನಿನ ಆಯಿಲ್ ಸಂಪ್ (ಇಂಜಿನ್ ತಳದ ಎಣ್ಣೆ ತಟ್ಟೆ) ಕೂತಿರುತ್ತದೆ. ಮುಂದೆ ಪ್ಯಾನ್‌ಹಾರ್ಡನ್ನೇ ಆರಿಸಲು ಇನ್ನೊಂದು ಕಾರಣ ಸ್ಟಿಯರಿಂಗ್.

ಅದನ್ನು ಅಳತೆ ಹಿಡಿದೇ ನೋಡಬೇಕು. 800 ಮಿ.ಮೀ. ಉದ್ದದ ಪ್ಯಾನ್‌ಹಾರ್ಡ್ ರಾಡ್ ನೆಲಕ್ಕೆ ಸಮವಾಗಿ ಮಲಗಿದೆ ಅಂದುಕೊಳ್ಳಿ. ಆಕ್ಸಲ್ 100 ಮಿ.ಮೀ. ಇಳಿದರೆ ಪಕ್ಕಕ್ಕೆ ಸರಿಯೋದು ಸುಮಾರು 6 ಮಿ.ಮೀ. ಈಗ ಗಾಡಿಯನ್ನು 100 ಮಿ.ಮೀ. ಎತ್ತರಿಸಿದಿರಿ, ರಾಡಿನ ಬ್ರಾಕೆಟ್ ಮುಟ್ಟಲಿಲ್ಲ. ರಾಡ್ ಇಳಿಜಾರಾಗಿ ನಿಂತಿತು. ಅಲ್ಲಿಂದ ಮತ್ತೆ 100 ಮಿ.ಮೀ. ಇಳಿದರೆ ಆಕ್ಸಲ್ ಸುಮಾರು 19 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಸ್ಟಿಯರಿಂಗ್ ಬಾಕ್ಸಿನಿಂದ ಎದುರು ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ಇದೇ ಉದ್ದ, ಇದೇ ಓರೆಯಲ್ಲಿದ್ದರೆ ಅದರ ತುದಿಯೂ 19 ಮಿ.ಮೀ. ಸರಿಯುತ್ತದೆ, ಚಕ್ರ ನೇರವಾಗಿಯೇ ಉಳಿಯುತ್ತದೆ. ಡ್ರಾಪ್ ಪಿಟ್‌ಮನ್ ಆರ್ಮ್ (ಸ್ಟಿಯರಿಂಗ್ ಬಾಕ್ಸಿನಿಂದ ಡ್ರ್ಯಾಗ್ ಲಿಂಕನ್ನು ಆಡಿಸುವ, ಕೆಳಕ್ಕೆ ಇಳಿಸಿದ ತೋಳು) ಹಾಕಿ ಡ್ರ್ಯಾಗ್ ಲಿಂಕನ್ನು ಮಾತ್ರ ನೆಲಕ್ಕೆ ಸಮ ಮಾಡಿದಿರೋ, ಅದರ ತುದಿ 6 ಮಿ.ಮೀ. ಸರಿಯುತ್ತದೆ. 13 ಮಿ.ಮೀ. ವ್ಯತ್ಯಾಸ ಎಲ್ಲಿಗೆ ಹೋಗಬೇಕು? ಚಕ್ರಕ್ಕೆ. ಚಕ್ರ ತಿರುಗಿಸುವ ತೋಳು, ಅಂದರೆ ಸ್ಟಿಯರಿಂಗ್ ಆರ್ಮ್, 150 ಮಿ.ಮೀ. ಇದ್ದರೆ, ನೀವು ಸ್ಟಿಯರಿಂಗ್ ಮುಟ್ಟದೆಯೇ ಚಕ್ರ ಸುಮಾರು 5 ಡಿಗ್ರಿ ತಿರುಗುತ್ತದೆ. ಇದೇ ಬಂಪ್ ಸ್ಟಿಯರ್. ಪ್ಯಾನ್‌ಹಾರ್ಡ್ ಮತ್ತು ಡ್ರ್ಯಾಗ್ ಲಿಂಕ್ ಉದ್ದದಲ್ಲೂ ಓರೆಯಲ್ಲೂ ಜೋಡಿಯಾಗಿರಬೇಕು. ಉಳಿದೆಲ್ಲದರಲ್ಲಿ ಹೊಂದಾಣಿಕೆ ಮಾಡಿಕೊಳ್ಳಬಹುದು, ಇದರಲ್ಲಿ ಬೇಡ.

ಮೇಲೆ ಒಂದೇ ಲಿಂಕ್ ಇದ್ದರೆ ಅದು ಸಣ್ಣದಾದರೂ ಸಾಕು ಅನ್ನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಕೆಳಗಿನ ಲಿಂಕ್‌ಗಳು ಆಕ್ಸಲಿನ ಹತ್ತಿರ ನೆಲದಿಂದ 350 ಮಿ.ಮೀ., ಮೇಲಿನದು 550 ಮಿ.ಮೀ. ಎತ್ತರದಲ್ಲಿದ್ದು, ಎಲ್ಲವೂ ಹೆಚ್ಚುಕಡಿಮೆ ನೆಲಕ್ಕೆ ಸಮವಾಗಿವೆ ಎನ್ನಿ. ಬ್ರೇಕ್ ಒತ್ತಿದಾಗ ಎರಡು ಟೈರೂ ಸೇರಿ 600 ಕೆ.ಜಿ. ಬಲದಿಂದ ಹಿಂದಕ್ಕೆ ತಳ್ಳಿದರೆ, ಕೆಳಗಿನ ಎರಡು ಲಿಂಕ್ ಸೇರಿ 1650 ಕೆ.ಜಿ. ಹೊರುತ್ತವೆ, ತಲಾ 825. ಮೇಲಿನ ಒಂಟಿ ಲಿಂಕ್ ಒಂದೇ 1050 ಕೆ.ಜಿ. ಎಳೆತ ತಾಳಬೇಕು. ಲಿಂಕ್‌ಗಳ ನಡುವಿನ ಅಂತರ 200ರ ಬದಲು 100 ಮಿ.ಮೀ. ಆದರೆ ಅದು 2100ಕ್ಕೆ ಏರುತ್ತದೆ. ಆ ಅಂತರ ಟೈರಿನ ವ್ಯಾಸದ ಕಾಲು ಭಾಗದಷ್ಟಾದರೂ ಇರಲಿ ಅನ್ನುವ ರೂಢಿ ಇದಕ್ಕೇ ಬಂದಿದ್ದು.

ಲಿಂಕ್‌ಗಳ ಓರೆಗೂ ಬೆಲೆ ತೆರಬೇಕು. ಗಾಡಿ ಎತ್ತರಿಸಿದಾಗ ಚಾಸಿಯಿಂದ ಮುಂದಿನ ಆಕ್ಸಲ್‌ಗೆ ಬರುವ ಲಿಂಕ್ ಕಡಿದಾಗಿ ಇಳಿಯುತ್ತದೆ. ಆಗ ಕಲ್ಲು ಸಿಕ್ಕಿ ಚಕ್ರ ಏರುವಾಗ ಆಕ್ಸಲ್ ಮುಂದಕ್ಕೆ, ಅದೇ ಕಲ್ಲಿನ ಕಡೆಗೇ ಹೋಗುತ್ತದೆ. ತಳ್ಳುಗಾಡಿಯನ್ನು ಮೆಟ್ಟಿಲಿಗೆ ಎದುರಾಗಿ ತಳ್ಳಿದ ಹಾಗೆ. ಹೊಸ ಸ್ಪ್ರಿಂಗ್ ಹಾಕಿಸಿದ ಮೇಲೂ ಗಾಡಿ ಕುಕ್ಕುತ್ತೆ ಅನ್ನುವವರು ಮೊದಲು ನೋಡಬೇಕಾದ್ದು ಈ ಓರೆಯನ್ನು. ಉದ್ದನೆಯ ಲಿಂಕ್ ಹಾಕಿದರೆ ಅದು ಕಡಿಮೆಯಾಗುತ್ತದೆ.

ಒಂದು ಮಾತು: ನೋಂದಣಿ ಪತ್ರದ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸುವುದಕ್ಕೆ ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಇಂಥ ಗಾಡಿಯ ಜಾಗ ರಸ್ತೆಯಲ್ಲ, ಸ್ಪರ್ಧೆಯ ಟ್ರ್ಯಾಕು.

ಕಾಗದದ ಲೆಕ್ಕ ಮುಗಿದ ಮೇಲೆ ಬ್ರಾಕೆಟ್‌ಗಳನ್ನು ಚುಕ್ಕೆ ವೆಲ್ಡಿನಲ್ಲಿ ಅಂಟಿಸಿ, ಕಾಯಿಲ್ ಸ್ಪ್ರಿಂಗ್ ತೆಗೆದು, ಜ್ಯಾಕಿನಿಂದ ಆಕ್ಸಲನ್ನು ಆಡಿಸಿ ನೋಡಬೇಕು. ಪೂರ್ತಿ ಮೇಲೆ ಬಂದಾಗ ಡಿಫರೆನ್ಷಿಯಲ್ (ಆಕ್ಸಲಿನ ಗೇರ್ ಉಂಡೆ) ಇಂಜಿನ್ನಿನ ಸಂಪ್‌ಗೆ ತಗಲುತ್ತದೆಯಾ? ಪೂರ್ತಿ ಇಳಿದಾಗ ಆಕ್ಸಲ್‌ಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟಿನ ಸ್ಲಿಪ್ ಜಾಯಿಂಟ್ (ಒಳಗೆ ಹೊರಗೆ ಜಾರುವ ಜೋಡಣೆ) ಕಳಚಿಕೊಳ್ಳುತ್ತದೆಯಾ, ಬ್ರೇಕ್ ಹೋಸ್ ಬಿಗಿಯುತ್ತದೆಯಾ? ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಇಟ್ಟು, ಸ್ಟಿಯರಿಂಗನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ ಮತ್ತೆ ನೋಡಬೇಕು. ಎಲ್ಲೂ ತಗಲದೆ ಆಡಿದ ಮೇಲೆಯೇ ಪೂರ್ತಿ ವೆಲ್ಡ್.