ಬದಲಿ ದಾರಿಯೂ ಅದೇ ಟ್ರೆಂಚಿನಲ್ಲಿದ್ದರೆ

ಲೇಬಲ್ ನೋಡಿ ಡೇಟಾ ಸಾಗಿಸುವ ಎಂಪಿಎಲ್‌ಎಸ್ ಜಾಲದಲ್ಲಿ ನಡುವಿನ ರೂಟರ್‌ಗಳು ಪ್ಯಾಕೆಟ್‌ನ, ಅಂದರೆ ಡೇಟಾ ತುಣುಕಿನ, ಐಪಿ ವಿಳಾಸದ ತಂಟೆಗೆ ಹೋಗುವುದಿಲ್ಲ. ಮೇಲೆ ಅಂಟಿರುವ 20 ಬಿಟ್‌ಗಳ ಲೇಬಲ್ ನೋಡಿ, ಅದನ್ನು ಕಿತ್ತು, ತಮ್ಮ ಕೋಷ್ಟಕದಲ್ಲಿರುವ ಇನ್ನೊಂದನ್ನು ಹಚ್ಚಿ ಮುಂದೆ ಸಾಗಿಸುತ್ತವೆ. ಆದ್ದರಿಂದಲೇ ಹತ್ತಿರದ ದಾರಿ ತುಂಬಿದಾಗ, ಬ್ಯಾಂಡ್‌ವಿಡ್ತ್ ಉಳಿದಿರುವ ಸುತ್ತುದಾರಿಯಲ್ಲಿ ಟನಲ್, ಅಂದರೆ ಮೊದಲೇ ಗೊತ್ತುಮಾಡಿದ ಲೇಬಲ್‌ಗಳ ದಾರಿ, ಎಳೆಯಲು ಸಾಧ್ಯವಾಗುತ್ತದೆ. ಆ ಟನಲ್ ನಡುದಾರಿಯಲ್ಲಿ ತುಂಡಾದರೆ ಏನು ಮಾಡಬೇಕೆಂಬುದಕ್ಕೆ 2005ರ ಆರ್‌ಎಫ್‌ಸಿ 4090 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಕೊಟ್ಟ ಉತ್ತರವೇ ಫಾಸ್ಟ್ ರೀರೂಟ್, ಅಂದರೆ ತಕ್ಷಣ ಬದಲಿ ದಾರಿಗೆ ತಿರುಗಿಸುವುದು.

ಬೆಂಗಳೂರಿನಿಂದ ಹಾಸನ, ಮಂಗಳೂರು ಹಾದು ಉಡುಪಿಗೆ ಹೋಗುವ ಟನಲ್ ಒಂದಿದೆ, ಅದಕ್ಕೆ ಮಂಗಳೂರಿನ ರೂಟರ್ 3047 ಎಂಬ ಲೇಬಲ್ ಕೊಟ್ಟಿದೆ ಎಂದುಕೊಳ್ಳೋಣ. ಹಾಸನದಿಂದ ಮಡಿಕೇರಿ ಮೂಲಕ ಮಂಗಳೂರಿಗೆ ಬೈಪಾಸ್ ಟನಲ್ ಮೊದಲೇ ಸಿದ್ಧವಾಗಿರುತ್ತದೆ. ಶಿರಾಡಿ ಘಾಟಿಯಲ್ಲಿ ಫೈಬರ್ ಕಟ್ ಆದರೆ ಹಾಸನದ ರೂಟರ್ ಬೆಂಗಳೂರಿನ ಅಪ್ಪಣೆಗೆ ಕಾಯುವುದಿಲ್ಲ. ಎಂದಿನಂತೆ 3047 ಹಚ್ಚಿ, ಅದರ ಮೇಲೆ ಬೈಪಾಸ್‌ನ ಲೇಬಲ್ ಹೊರಿಸಿ ಮಡಿಕೇರಿಯತ್ತ ಕಳಿಸುತ್ತದೆ. ಮಡಿಕೇರಿ ಮೇಲಿನದನ್ನು ಕಿತ್ತುಹಾಕುತ್ತದೆ. ಮಂಗಳೂರಿಗೆ ಕಾಣುವುದು ಅದೇ 3047. ಪ್ಯಾಕೆಟ್ ಯಾವ ಬಾಗಿಲಿನಿಂದ ಬಂದಿತೆಂಬ ಗೊಡವೆ ಅದಕ್ಕಿಲ್ಲ.

50 ಮಿಲಿಸೆಕೆಂಡ್‌ಗಳೊಳಗೆ ದಾರಿ ಬದಲಿಸಬೇಕೆಂದು ಎಲ್ಲರೂ ಹೇಳುವ ಗುರಿ ಈಡೇರುವುದು, ಕಟ್ ಆದ ಸುದ್ದಿ ರೂಟರ್‌ಗೆ ತಕ್ಷಣ ತಿಳಿದರೆ ಮಾತ್ರ. ನಡುವೆ ಸ್ವಿಚ್ ಒಂದಿದ್ದು ಪೋರ್ಟ್ ಅಪ್ ಆಗಿಯೇ ಉಳಿದರೆ, ರೂಟರ್‌ಗಳು ದಾರಿಗಳ ಸುದ್ದಿ ಹಂಚಿಕೊಳ್ಳುವ ಓಎಸ್‌ಪಿಎಫ್ ಪ್ರೋಟೊಕಾಲ್, ನೆರೆಯ ರೂಟರ್ ಕೈತಪ್ಪಿತೆಂದು ತೀರ್ಮಾನಿಸಲು ರೂಢಿಯ 40 ಸೆಕೆಂಡ್ ಕಾದೇ ತೀರುತ್ತದೆ. ಅಲ್ಲಿ, ಲಿಂಕ್ ಜೀವಂತವಿದೆಯೇ ಎಂದು ಕ್ಷಣಕ್ಷಣಕ್ಕೂ ಪರೀಕ್ಷಿಸುವ ಬಿಎಫ್‌ಡಿ ಹಾಕಲೇಬೇಕು.

ನಾನು ಪೆಟ್ಟು ತಿಂದದ್ದು ಮಾತ್ರ ಬೇರೆ ಕಡೆ. ನಾನು ನೋಡಿಕೊಳ್ಳುತ್ತಿದ್ದ ಜಾಲವೊಂದರಲ್ಲಿ ಮುಖ್ಯ ಲಿಂಕನ್ನೂ ಬೈಪಾಸ್‌ನ ಲಿಂಕನ್ನೂ ಬೇರೆ ಬೇರೆ ಕಂಪನಿಗಳಿಂದ ಪಡೆದು ನೆಮ್ಮದಿಯಾಗಿದ್ದೆವು. ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿಯ ಒಂದೇ ಏಟಿಗೆ ಎರಡೂ ಡೌನ್ ಆದವು. ಸ್ಥಳಕ್ಕೆ ಹೋಗಿ ನೋಡಿದರೆ, ಒಂದೇ ಟ್ರೆಂಚಿನಲ್ಲಿ ಎರಡು ಬಣ್ಣದ ಪೈಪುಗಳು ಅಕ್ಕಪಕ್ಕ ಮಲಗಿದ್ದವು. ಇಂಥ ಲಿಂಕ್‌ಗಳಿಗೆ ಒಂದೇ ಎಸ್‌ಆರ್‌ಎಲ್‌ಜಿ (ಒಟ್ಟಿಗೇ ತುಂಡಾಗಬಲ್ಲ ಲಿಂಕ್‌ಗಳ ಗುಂಪು) ಸಂಖ್ಯೆ ಕೊಟ್ಟಿದ್ದರೆ, ಬೈಪಾಸ್ ಲೆಕ್ಕ ಹಾಕುವ ರೂಟರ್ ಆ ಗುಂಪನ್ನು ತಪ್ಪಿಸಿ ಬೇರೆ ದಾರಿ ಹುಡುಕುತ್ತಿತ್ತು. ಆದರೆ ಆ ಸಂಖ್ಯೆಯನ್ನು ಕೈಯಾರೆ ಬರೆಯಬೇಕಾದವರು ನಾವೇ. ಮಣ್ಣಿನಡಿಯ ಸಂಗತಿ ರೂಟರ್‌ಗೆ ತಿಳಿಯುವುದಾದರೂ ಹೇಗೆ?

ಅಂದಿನಿಂದ ಫೈಬರ್ ಹಾದುಹೋಗುವ ನಕಾಶೆ ಕೈಗೆ ಬಾರದೆ, ಸೇತುವೆಗಳನ್ನೂ ಊರೊಳಗಿನ ಕೊನೆಯ ಒಂದೆರಡು ಕಿಲೋಮೀಟರನ್ನೂ ನಡೆದು ನೋಡದೆ, ನಾನು ಯಾವ ಬೈಪಾಸ್‌ಗೂ ಸಹಿ ಹಾಕುವುದಿಲ್ಲ. ಎರಡನೆಯ ಲಿಂಕ್ ಬೇರೆ ಕಂಪನಿಯದಲ್ಲವೇ ಸಾರ್ ಎಂಬ ಮಾತು ಈಗಲೂ ಪ್ರತಿ ಸಭೆಯಲ್ಲಿ ಕೇಳಿಬರುತ್ತದೆ.