ಆರ್‌ಒವಿಗೆ ಪವರ್ ಕೊಡುವ ಮಾತು ಡೆಕ್‌ನಿಂದ ಬರಲಿ

ಆರ್‌ಒವಿ, ಅಂದರೆ ಒಳಗೆ ಮನುಷ್ಯರಿಲ್ಲದೆ ಮೇಲಿನಿಂದ ಕೇಬಲ್ ಮೂಲಕ ನಡೆಸುವ, ನೀರಿನಡಿ ಕೆಲಸ ಮಾಡುವ ವಾಹನದ ವಿಷಯ ಬಂದಾಗ ಎಲ್ಲರೂ ಆಳದ ಬಗ್ಗೆಯೇ ಕೇಳುತ್ತಾರೆ. 3,000 ಮೀಟರ್ ಕೆಳಗೆ ಒತ್ತಡ ಸುಮಾರು 300 ಬಾರ್, ನಿಜ. ಆದರೆ ಅಲ್ಲಿ ಏನಾದರೂ ಕೆಟ್ಟರೆ ಹೋಗುವುದು ಯಂತ್ರ. ಮನುಷ್ಯರು ಅದರ ಪಕ್ಕದಲ್ಲೇ ನಿಂತಿರುವುದು ಹಡಗಿನ ಡೆಕ್ ಮೇಲೆ. ಚಾಲೂ ಮಾಡುವ ಹೊತ್ತಿನ ಎಚ್ಚರಿಕೆಯೆಲ್ಲ ಇರುವುದು ಅದಕ್ಕೇ.

ಭಾರೀ ಕೆಲಸಕ್ಕೆಂದೇ ಮಾಡಿದ ದೊಡ್ಡ ‘ವರ್ಕ್ ಕ್ಲಾಸ್’ ವಾಹನಕ್ಕೆ ಕೇಬಲ್‌ನಲ್ಲಿ ಹೋಗುವ ವಿದ್ಯುತ್ 3,000 ವೋಲ್ಟ್ ಆಸುಪಾಸಿನದು, ಕೆಲವಕ್ಕೆ ಅದಕ್ಕೂ ಜಾಸ್ತಿ. ಹೈಡ್ರಾಲಿಕ್ ಪಂಪಿನ ಮೋಟಾರ್ ಸಾಮಾನ್ಯವಾಗಿ 100 ಅಶ್ವಶಕ್ತಿಗೂ ಮೇಲೆ. ಪೈಲಟ್ ಕೂತಿರುವುದು ಕಂಟ್ರೋಲ್ ರೂಮಿನೊಳಗೆ. ಕ್ಯಾಮೆರಾ ತೋರಿಸಿದಷ್ಟು ಮಾತ್ರ ಅವನಿಗೆ ಕಾಣುತ್ತದೆ. ವಾಹನದ ಹಿಂದೆ ಬಗ್ಗಿ ಶ್ಯಾಕಲ್ (ಲೋಹದ ಕೊಂಡಿ) ಬಿಗಿಯುತ್ತಿರುವವನು ಆ ಪರದೆಯಲ್ಲಿ ಇರುವುದಿಲ್ಲ. ಹಾಗಾಗಿ ಸ್ವಿಚ್ ಒತ್ತುವವನು ಪೈಲಟ್ ಆದರೂ, ‘ಒತ್ತು’ ಅನ್ನುವ ಮಾತು ಡೆಕ್ ಮೇಲಿನವನಿಂದ ಬರಬೇಕು. ಅದೂ ಒಬ್ಬನೇ ವ್ಯಕ್ತಿಯಿಂದ. ಅವನು ಹೇಳಿದ್ದನ್ನು ಪೈಲಟ್ ವೈರ್‌ಲೆಸ್‌ನಲ್ಲಿ ತಿರುಗಿ ಹೇಳಬೇಕು. ‘ಓಕೆ’ ಸಾಲದು. ಯಾವುದಕ್ಕೆ ಓಕೆ ಅಂತ ಯಾರಿಗೆ ಗೊತ್ತು?

ವಾಹನದ ಮೇಲೆ ಕೈ ಇಡುವವನು ಮೊದಲು ಬ್ರೇಕರ್ ಆಫ್ ಮಾಡಿ, ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ. ಇಷ್ಟಿದ್ದರೆ ‘ಎಲ್ಲರೂ ದೂರ ಇದ್ದಾರಾ?’ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಮೊದಲೇ ಸಿಕ್ಕಿರುತ್ತದೆ.

ಆಮೇಲಿನದು ಇನ್ಸುಲೇಷನ್, ಅಂದರೆ ವಿದ್ಯುತ್ ತಂತಿಯಿಂದ ಹೊರಗೆ ಸೋರದಂತೆ ತಡೆಯುವ ಹೊದಿಕೆ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ಇಂಥ ವಾಹನಗಳ ವಿದ್ಯುತ್ ಸಾಮಾನ್ಯವಾಗಿ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಬರುತ್ತದೆ, ಅದರ ಯಾವ ತಂತಿಯೂ ಭೂಮಿಗೆ ಸೇರಿರುವುದಿಲ್ಲ. ಹಾಗಾಗಿ ಎಲ್ಲೋ ಒಂದು ಕಡೆ ತಂತಿ ಲೋಹದ ಚೌಕಟ್ಟಿಗೆ ತಾಗಿದರೂ ದೊಡ್ಡ ಕರೆಂಟ್ ಹರಿಯುವುದಿಲ್ಲ, ಬ್ರೇಕರ್ ಬೀಳುವುದಿಲ್ಲ. ವಾಹನ ಸುಮ್ನೆ ಓಡುತ್ತಿರುತ್ತದೆ. ಎರಡನೇ ಕಡೆಯೂ ತಾಗಿದಾಗಲೇ ಅನಾಹುತ. ಆ ಎರಡನೇ ದಾರಿ ಯಾರದೋ ಮೈಯೂ ಆಗಬಹುದು. ಮೊದಲ ದೋಷವನ್ನೇ ಹಿಡಿಯಲಿ ಅಂತ ಲೈನ್ ಇನ್ಸುಲೇಷನ್ ಮಾನಿಟರ್ ಇಟ್ಟಿರುತ್ತಾರೆ. ಅದು ಪದೇಪದೇ ಕೂಗುತ್ತದೆ ಅಂತ ಬೈಪಾಸ್ ಮಾಡುವವರಿದ್ದಾರೆ. ನನ್ನ ಮಟ್ಟಿಗೆ ಅದು ಆ ದಿನದ ಡೈವ್ ನಿಲ್ಲಿಸಲು ಸಾಕಾದ ಕಾರಣ.

ಪವರ್ ಕೊಡುವ ಮೊದಲು ಕೇಬಲ್‌ಗೆ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಷನ್ ಪರೀಕ್ಷಿಸುವ ಉಪಕರಣ) ಹಚ್ಚಿ ಅಳೆಯುವುದೂ ಉಂಟು. ಆಗ ಎಲೆಕ್ಟ್ರಾನಿಕ್ಸ್ ಬೇರ್ಪಡಿಸಿರಬೇಕು, ಇಲ್ಲವಾದರೆ ಪರೀಕ್ಷೆಯೇ ಅದನ್ನು ಸುಡುತ್ತದೆ. ಅಳೆದ ಮೇಲೆ ಕೇಬಲ್‌ನಲ್ಲಿ ಉಳಿದ ಚಾರ್ಜ್ ಇಳಿಯುವ ತನಕ ಮುಟ್ಟಬಾರದು. ಬಂದ ಅಂಕಿ ‘ಪಾಸ್’ ಆಯಿತಾ ಅಂತಷ್ಟೇ ನೋಡಬೇಡಿ. ನಿನ್ನೆಗಿಂತ ಇವತ್ತು ಎಷ್ಟು ಇಳಿದಿದೆ ನೋಡಿ. ಕನೆಕ್ಟರ್ ಒಳಗೆ ನೀರು ಸೇರುತ್ತಿದ್ದರೆ ಅದು ಈ ಇಳಿತದಲ್ಲೇ ಮೊದಲು ತಿಳಿಯುತ್ತದೆ.

ಈಗ ಕಂಟ್ರೋಲ್ ರೂಮಿನ ಕಡೆ ಬನ್ನಿ. ಹಿಂದಿನ ಡೈವ್‌ನಲ್ಲಿ ಆಟೋ ಹೆಡಿಂಗ್ (ವಾಹನ ತನ್ನ ದಿಕ್ಕನ್ನು ತಾನೇ ಕಾಯ್ದುಕೊಳ್ಳುವ ಸೆಟ್ಟಿಂಗ್) ಹಾಕಿ ಹಾಗೇ ಬಿಟ್ಟಿದ್ದಾರೆ ಅಂದುಕೊಳ್ಳಿ. ಹಡಗು ಸ್ವಲ್ಪ ತಿರುಗಿದೆ. ಆನ್ ಆದಾಗ ಆ ಸೆಟ್ಟಿಂಗ್ ಹಾಗೇ ಉಳಿದಿದ್ದರೆ, ವಾಹನ ತನ್ನ ಹಳೇ ದಿಕ್ಕು ಹುಡುಕುತ್ತಾ ಡೆಕ್ ಮೇಲೇ ಥ್ರಸ್ಟರ್ (ವಾಹನವನ್ನು ನೂಕುವ ಪ್ರೊಪೆಲ್ಲರ್) ತಿರುಗಿಸುತ್ತದೆ. ಯಾಂತ್ರಿಕ ತೋಳಿನದ್ದೂ ಇದೇ ಕಥೆ. ವಾಹನದ ತೋಳನ್ನು ನಡೆಸುವ, ಪೈಲಟ್ ಮುಂದಿನ ಪುಟ್ಟ ಮಾಸ್ಟರ್ ತೋಳು ಒಂದು ಭಂಗಿಯಲ್ಲಿ, ವಾಹನದ ತೋಳು ಇನ್ನೊಂದರಲ್ಲಿ ಇದ್ದು, ತೋಳು ಅಲುಗದಂತೆ ಫ್ರೀಜ್ ಹಾಕಿರದಿದ್ದರೆ, ಹೈಡ್ರಾಲಿಕ್ ಒತ್ತಡ ಏರಿದ ಕೂಡಲೇ ತೋಳು ಆ ಭಂಗಿಗೆ ನೆಗೆಯುತ್ತದೆ. ಆದ್ದರಿಂದ ಆಟೋ ಎಲ್ಲ ಆಫ್, ಜಾಯ್‌ಸ್ಟಿಕ್ ನಡುವಿಗೆ, ತೋಳು ಫ್ರೀಜ್. ಇವು ಪವರ್‌ಗಿಂತ ಮೊದಲು. ಹೈಡ್ರಾಲಿಕ್ಸ್ ಕಡಿಮೆ ಒತ್ತಡದಲ್ಲಿ ಶುರುವಾಗಲಿ.

ಥ್ರಸ್ಟರ್ ದಿಕ್ಕು ಸರಿಯಿದೆಯಾ ನೋಡಲು ಒಂದೆರಡು ಸೆಕೆಂಡ್ ಸಾಕು. ಹಲವು ವಿದ್ಯುತ್ ಥ್ರಸ್ಟರ್‌ಗಳ ಬೇರಿಂಗ್‌ಗೆ ನೀರೇ ಎಣ್ಣೆ, ಒಣಗಾಳಿಯಲ್ಲಿ ಓಡಿಸಿದರೆ ಸವೆಯುತ್ತವೆ. ಲೈಟೂ ಅಷ್ಟೇ. ಅದನ್ನು ತಂಪಾಗಿಡುವುದು ಸುತ್ತಲಿನ ನೀರು, ಡೆಕ್ ಮೇಲೆ ಉರಿಸಿಟ್ಟರೆ ಕೆಡುತ್ತದೆ. ಅಳತೆಯ ಲೇಸರ್ ಇದ್ದರೆ ಅದರ ಮುಂದೆ ಯಾರ ಕಣ್ಣೂ ಇರಬಾರದು.

ಎಣ್ಣೆ ತುಂಬಿದ ಪೆಟ್ಟಿಗೆಗಳಲ್ಲಿ ಗಾಳಿಗುಳ್ಳೆ ಉಳಿಯಬಾರದು. ಆಳಕ್ಕೆ ಹೋದಂತೆ ಗುಳ್ಳೆ ಕುಗ್ಗುತ್ತದೆ, ಆ ಜಾಗ ತುಂಬಲು ಕಾಂಪೆನ್ಸೇಟರ್‌ನ (ಒಳಗಿನ ಎಣ್ಣೆಯ ಒತ್ತಡವನ್ನು ಹೊರಗಿನ ನೀರಿನ ಒತ್ತಡಕ್ಕೆ ಸರಿದೂಗಿಸುವ ಭಾಗ) ಎಣ್ಣೆ ಖಾಲಿಯಾಗುತ್ತದೆ, ಕೊನೆಗೆ ಒಳಗೆ ಬರುವುದು ಸಮುದ್ರದ ನೀರು. ಚಿಕ್ಕ ಬ್ಯಾಟರಿ ವಾಹನಗಳಲ್ಲಿ ಗಾಳಿ ತುಂಬಿದ ಪೆಟ್ಟಿಗೆ ಇರುತ್ತದೆ. ಅದರ ಗಾಳಿಯನ್ನು ಕೈಪಂಪಿನಿಂದ ಸ್ವಲ್ಪ ಹೊರಗೆಳೆದು 15 ನಿಮಿಷ ಕಾಯಿರಿ. ಗೇಜಿನ ಮುಳ್ಳು ಗಣನೀಯವಾಗಿ ಕದಲಿದರೆ ಎಲ್ಲೋ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಸರಿಯಾಗಿ ಕೂತಿಲ್ಲ. ಒಂದು ಕೂದಲೆಳೆ ಅಡ್ಡ ಬಂದರೂ ಸಾಕು. ಪರೀಕ್ಷೆ ಮುಗಿದ ಮೇಲೆ ಗಾಳಿ ಎಳೆದ ತೂತಿಗೆ ವೆಂಟ್ ಪ್ಲಗ್ ಹಾಕಲು ಮರೆಯುವವರೂ ಇದ್ದಾರೆ ಅನ್ನಿ.

ಹಡಗು ನಡೆಸುವವರಿರುವ ಬ್ರಿಡ್ಜ್‌ಗೆ ತಿಳಿಸದೆ ವಾಹನ ನೀರಿಗೆ ಇಳಿಯಬಾರದು. ಟೆದರ್ (ವಾಹನದ ಕೇಬಲ್) ಹಡಗಿನ ಪ್ರೊಪೆಲ್ಲರ್ ಕಡೆ ಹೋಗದಂತೆ ಪ್ರವಾಹ ನೋಡಿ ಬದಿ ಆರಿಸಬೇಕು. ಇಳಿದ ಮೇಲೂ ಕೆಲವೇ ಮೀಟರ್‌ಗಳಲ್ಲಿ ನಿಲ್ಲಿಸಿ ಇನ್ಸುಲೇಷನ್, ಸೋರಿಕೆ ಸೆನ್ಸರ್, ಥ್ರಸ್ಟರ್ ಎಲ್ಲವನ್ನೂ ಮತ್ತೆ ನೋಡಬೇಕು. ಉಪ್ಪುನೀರು ತಗುಲಿದ ಮೇಲಷ್ಟೇ ಕಾಣುವ ದೋಷಗಳಿವೆ. ಕಂಡರೆ ಮೇಲೆತ್ತಿ. ಡೆಕ್‌ಗೆ ಬಂದ ವಾಹನವನ್ನು ‘ಒಂದೇ ನಿಮಿಷದ ಕೆಲಸ’ ಅಂತ ಯಾರಾದರೂ ಮುಟ್ಟಿದರೆ, ಬ್ರೇಕರ್ ಬೀಗದಿಂದ ಹಿಡಿದು ಎಲ್ಲ ಮತ್ತೆ ಶುರು.